ನಕ್ಷೆಯ ಗುರುತು ಮತ್ತು ಶೆಡ್ಯೂಲು: ಒಂದು ಕಚೇರಿಯ ಸೇವೆ

ಧಾರವಾಡದ ಸಪ್ತಾಪುರದಲ್ಲಿ ಕಟ್ಟುತ್ತಿರುವ ನಮ್ಮ ಮನೆಗೆ ಹುಬ್ಬಳ್ಳಿಯ ಆರ್ಕಿಟೆಕ್ಟ್ ಕಚೇರಿಯೊಂದರಿಂದ ನಕ್ಷೆ ಮಾಡಿಸಿದೆವು. ಮೊದಲ ಪ್ರತಿಯಲ್ಲಿ ಅಡುಗೆಮನೆಯ ಕಿಟಕಿಗೆ ‘ಡಬ್ಲ್ಯು 2’ ಎಂಬ ಗುರುತಿತ್ತು. ಆದರೆ ಶೆಡ್ಯೂಲಿನಲ್ಲಿ, ಅಂದರೆ ಬಾಗಿಲು-ಕಿಟಕಿಗಳ ಅಳತೆ ಮತ್ತು ಸಂಖ್ಯೆಗಳ ಪಟ್ಟಿಯಲ್ಲಿ, ಅದೇ ಗುರುತಿನ ಎದುರು ಮಲಗುವ ಕೋಣೆಯ ಕಿಟಕಿಯ ಅಳತೆ, 0.75 ಮೀಟರ್ ಸಿಲ್ ಮಟ್ಟ (ನೆಲದಿಂದ ಕಿಟಕಿಯ ಕೆಳಅಂಚಿನ ಎತ್ತರ) ಸಹಿತ ನಮೂದಾಗಿತ್ತು. ಹಾಗೆಯೇ ಕಟ್ಟಿದ್ದರೆ ಕಿಟಕಿಯ ಕೆಳಅಂಚು ಒಲೆಕಟ್ಟೆಗಿಂತ ಕೆಳಗೆ ಇಳಿಯುತ್ತಿತ್ತು. ಗೋಡೆ ಏರಿಸುವ ಮುನ್ನ ಗೌಂಡಿಯವರು ಇದನ್ನು ಗಮನಿಸಿ ಕೇಳಿದ್ದು ನಮ್ಮ ಪುಣ್ಯ.

ತಿಳಿಸಿದ ಮೇಲೆ ಕಚೇರಿಯವರು ಪ್ರತಿಯೊಂದು ಗುರುತನ್ನೂ ಪ್ಲಾನ್, ಎಲಿವೇಶನ್ (ಗೋಡೆಯ ಎದುರುನೋಟದ ಚಿತ್ರ), ಶೆಡ್ಯೂಲು ಮೂರರಲ್ಲಿಯೂ ತಾಳೆ ನೋಡಿ, ಅಳತೆ, ಲಿಂಟಲ್ ಮಟ್ಟ (ಬಾಗಿಲು-ಕಿಟಕಿಯ ಮೇಲಂಚಿನ ಎತ್ತರ) ಮತ್ತು ಒಟ್ಟು ಸಂಖ್ಯೆಗಳನ್ನು ಸರಿಪಡಿಸಿ, ತಿದ್ದಿದ ದಿನಾಂಕ ಬರೆದ ಹೊಸ ಹಾಳೆಯನ್ನು ಕೊಟ್ಟರು. ಬಡಿಗೇರರು ಅದನ್ನೇ ಹಿಡಿದು ಚೌಕಟ್ಟುಗಳ ಕಟ್ಟಿಗೆ ಲೆಕ್ಕ ಹಾಕಿದರು, ಒಂದೂ ಹೆಚ್ಚುಕಡಿಮೆಯಾಗಲಿಲ್ಲ. ಬಚ್ಚಲುಮನೆಯ ವೆಂಟಿಲೇಟರುಗಳಿಗೆ ಮಾತ್ರ ಇನ್ನೂ ಗುರುತು ಹಾಕಿಲ್ಲ; ಅದನ್ನೂ ಸೇರಿಸಿಕೊಡಲು ಕೇಳಿದ್ದೇವೆ.