ಕೂರದ ಟೈರು, ಇಳಿಯುವ ಗಾಳಿ: ರನ್‌ಫ್ಲಾಟ್ ಜೊತೆ ನಾಲ್ಕು ವರ್ಷ

ಬೇಲೂರು ರಸ್ತೆಯ ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಿಡಿಯುವ ಹುಡುಗ ನಾಲ್ಕೂ ಟೈರಿಗೆ ಒಂದೊಂದು ಒದೆ ಕೊಟ್ಟ. "ಗಾಳಿ ಕರೆಕ್ಟಾಗಿದೆ ಸಾರ್, ನೋಡಿದ್ರೇ ಗೊತ್ತಾಗಲ್ವಾ?" ಅಂದ. ಆದರೂ ಒಂದ್ಸಲ ಗೇಜ್ ಹಾಕಪ್ಪ ಅಂದೆ. ಮೂರು ಟೈರು 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸು ತೋರಿಸಿದವು. ಎಡಗಡೆ ಹಿಂದಿನದು 27. ಹುಡುಗ ಗೇಜನ್ನೇ ಅನುಮಾನಿಸಿ ಇನ್ನೊಮ್ಮೆ ಒತ್ತಿದ. ಮತ್ತೆ 27.

ಇದು 2022ರ ಡಿಸೆಂಬರ್ ಮಾತು. ರನ್‌ಫ್ಲಾಟ್ ಟೈರಿನ ಬಗ್ಗೆ ನಾನು ಕಲಿತದ್ದೆಲ್ಲ ಅಲ್ಲಿಂದಲೇ ಶುರು.

ಮೊದಲು ಕಾರಿನ ವಿಷಯ. 2021ರಲ್ಲಿ ಒಂದು ಜರ್ಮನ್ ಸೆಡಾನ್ ಸೆಕೆಂಡ್ ಹ್ಯಾಂಡ್ ತಗೊಂಡೆ. ಮನೆ ಚಿಕ್ಕಮಗಳೂರು, ಕೆಲಸ ಹಾಸನ. ವಾರಕ್ಕೆ ನಾಲ್ಕು ದಿನ ಬೇಲೂರಿನ ಮೇಲೆ ಓಡಾಟ. ಭಾನುವಾರ ಬಂತೆಂದರೆ ಮೂಡಿಗೆರೆ ಕಡೆ ಮಾವನ ಮನೆಯ ತೋಟ. ಕಾರಿನ ಜೊತೆಗೇ ನಾಲ್ಕು ರನ್‌ಫ್ಲಾಟ್ ಬಂದವು, 225/50 ಆರ್17 ಅಳತೆಯವು. ಡಿಕ್ಕಿ ತೆಗೆದು ನೋಡಿದರೆ ಸ್ಟೆಪ್ನಿ ಇಲ್ಲ. ಜಾಕೂ ಇಲ್ಲ. ಮಾರಿದವರು, "ಇದಕ್ಕೆ ಬೇಕಾಗಲ್ಲ ಸಾರ್" ಅಂದರು. ಸ್ಟೆಪ್ನಿ ಇಲ್ಲದ ಕಾರು ತಗೊಂಡಿದ್ದಕ್ಕೆ ಮಾವ ಇವತ್ತಿಗೂ ತಮಾಷೆ ಮಾಡುತ್ತಾರೆ.

ಗೊತ್ತಿಲ್ಲದವರಿಗೆ ಎರಡು ಮಾತು. ಮಾಮೂಲಿ ಟೈರನ್ನು ಎತ್ತಿ ಹಿಡಿಯುವುದು ಗಾಳಿ. ಗಾಳಿ ಹೋದರೆ ಪಕ್ಕದ ಗೋಡೆ ಮಡಚಿ ರಿಮ್ಮು ನೆಲಕ್ಕೆ ಕೂರುತ್ತೆ. ರನ್‌ಫ್ಲಾಟಿನಲ್ಲಿ ಆ ಗೋಡೆಯ ಒಳಗೆ ದಪ್ಪ, ಗಟ್ಟಿ ರಬ್ಬರ್ ಕೊಟ್ಟಿರುತ್ತಾರೆ. ಪೂರ್ತಿ ಗಾಳಿ ಹೋದರೂ ಆ ಗೋಡೆಯೇ ಕಾರಿನ ಭಾರ ಹೊರುತ್ತೆ. ಸಾಮಾನ್ಯವಾಗಿ ಹೇಳುವ ಲೆಕ್ಕ ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ 80 ಕಿ.ಮೀ. ದೂರ. ಕಾರಿನ ತುಂಬ ಜನ, ಲಗೇಜು, ಘಾಟಿ ಏರು ಇದ್ದರೆ ಅಷ್ಟು ದೂರ ನಂಬಬಾರದು. ನಿಮ್ಮದು ರನ್‌ಫ್ಲಾಟ್ ಹೌದೋ ಅಲ್ಲವೋ ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತೆ. ಆದರೆ ಒಬ್ಬೊಬ್ಬರದು ಒಂದೊಂದು ಅಕ್ಷರ. ಬ್ರಿಡ್ಜ್‌ಸ್ಟೋನಿನಲ್ಲಿ ಆರ್‌ಎಫ್‌ಟಿ, ಮಿಶೆಲಿನ್‌ನಲ್ಲಿ ಝಡ್‌ಪಿ, ಕಾಂಟಿನೆಂಟಲ್‌ನಲ್ಲಿ ಎಸ್‌ಎಸ್‌ಆರ್, ಗುಡ್‌ಇಯರ್‌ನಲ್ಲಿ ಆರ್‌ಒಎಫ್.

ಈ ಗಟ್ಟಿ ಗೋಡೆಯೇ ಇದರ ಗುಣ, ಇದರ ಕಪಟ ಕೂಡ. 27ಕ್ಕೆ ಇಳಿದರೂ 20ಕ್ಕೆ ಇಳಿದರೂ ಟೈರು ಕೂರಲ್ಲ. ಮುಖದಲ್ಲಿ ಏನೂ ತೋರಿಸಲ್ಲ. ಬಂಕಿನ ಹುಡುಗನದು ತಪ್ಪಿಲ್ಲ. ಕಣ್ಣಿಗಾಗಲಿ ಕಾಲಿಗಾಗಲಿ ಗೊತ್ತಾಗುವ ಟೈರೇ ಅಲ್ಲ ಇದು.

ಹಾಗಾದರೆ ಗಾಳಿ ಇಳಿದರೆ ಎಚ್ಚರಿಸುವ ಡ್ಯಾಶ್‌ಬೋರ್ಡಿನ ದೀಪ ಯಾಕಿದೆ ಅಂತ ಕೇಳಬಹುದು. ಇದೆ. ಆದರೆ ನನ್ನ ಕಾರಿನ ಚಕ್ರದೊಳಗೆ ಗಾಳಿ ಅಳೆಯುವ ಸೆನ್ಸರ್ ಇಲ್ಲ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ಗೆ ಸಿಗುವ ಚಕ್ರದ ವೇಗದಿಂದಲೇ ಅದು ಲೆಕ್ಕ ಹಾಕುತ್ತೆ. ಗಾಳಿ ಇಳಿದ ಚಕ್ರ ಒಂಚೂರು ಚಿಕ್ಕದಾಗಿ, ಉಳಿದವಕ್ಕಿಂತ ಬೇಗ ಸುತ್ತುತ್ತೆ ಅಲ್ವಾ, ಅದನ್ನು ಹಿಡಿಯುತ್ತೆ. ಇಂಥ ದೀಪಗಳು ಗಾಳಿ ಶೇಕಡಾ 20-25ರಷ್ಟು ಇಳಿದ ಮೇಲೇ ಹತ್ತುವುದು. 33ರಲ್ಲಿ ಅಂದರೆ 26, 25ಕ್ಕೆ ಬಂದ ಮೇಲೆ. ಜೊತೆಗೆ ನಾನು ಮಾಡಿದ ದಡ್ಡತನ ಒಂದಿದೆ. ಅಕ್ಟೋಬರಿನಲ್ಲಿ ಒಮ್ಮೆ ಆ ದೀಪ ಹತ್ತಿತ್ತು. ಟೈರು ನೋಡಿದೆ, ದುಂಡಗೇ ಇತ್ತು. ದೀಪಕ್ಕೇ ಏನೋ ಆಗಿದೆ ಅಂದುಕೊಂಡು ಗಾಳಿ ತುಂಬಿಸದೆ ರೀಸೆಟ್ ಒತ್ತಿಬಿಟ್ಟೆ. ರೀಸೆಟ್ ಒತ್ತಿದರೆ ಕಾರು ಆ ಕ್ಷಣದಲ್ಲಿ ಇರುವ ಗಾಳಿಯನ್ನೇ ಸರಿಯಾದ ಗಾಳಿ ಅಂತ ತಿಳಿಯುತ್ತೆ. ಕಾವಲುಗಾರನಿಗೆ ನಾನೇ ನಿದ್ದೆ ಮಾತ್ರೆ ಕೊಟ್ಟ ಹಾಗಾಯಿತು. ನವೆಂಬರಿನಲ್ಲಿ ಸರ್ವಿಸ್‌ಗೆ ಬಿಟ್ಟಾಗ ಅವರು ಗಾಳಿ ತುಂಬಿಸಿದ್ದರಿಂದ ಬಚಾವ್.

ಡಿಸೆಂಬರಿನಲ್ಲಿ 27 ಕಂಡಾಗಲೂ ಮೊದಲು ಬೈದದ್ದು ಚಳಿಯನ್ನೇ. ಅದು ಪೂರ್ತಿ ಸುಳ್ಳಲ್ಲ. ಟೈರಿನ ಗಾಳಿ ಐದಾರು ಡಿಗ್ರಿ ತಣ್ಣಗಾದರೆ ಸುಮಾರು 1 ಪಿಎಸ್‌ಐ ಇಳಿಯುತ್ತೆ. ಮಧ್ಯಾಹ್ನದ ಬಿಸಿಲಲ್ಲಿ ತುಂಬಿಸಿ, ನಮ್ಮೂರಿನ ಡಿಸೆಂಬರ್ ಬೆಳಗ್ಗೆ ನೋಡಿದರೆ ಎರಡು, ಎರಡೂವರೆ ಕಡಿಮೆ ಇದ್ದೇ ಇರುತ್ತೆ. (ಮಂಗಳೂರಲ್ಲಿ ತುಂಬಿಸಿ ಘಾಟಿ ಹತ್ತಿ ಬಂದರೆ ಉಲ್ಟಾ. ಎತ್ತರಕ್ಕೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ ಗೇಜು ಒಂದೂವರೆ ಜಾಸ್ತಿ ತೋರಿಸಬೇಕು. ನಮ್ಮ ಚಳಿ ಅದನ್ನೂ ತಿಂದುಹಾಕುತ್ತೆ.) ಆದರೆ ಚಳಿ ನಾಲ್ಕೂ ಟೈರಿಗೆ ಒಂದೇ. ನಾಲ್ಕೂ ಒಟ್ಟಿಗೆ ಇಳಿದರೆ ಹವಾಮಾನ. ಒಂದೇ ಇಳಿದರೆ ಲೀಕು. ಇಷ್ಟು ಸರಳ ಲೆಕ್ಕ ನನ್ನ ತಲೆಗೆ ಹೋಗಲು ಎರಡು ವಾರ ಬೇಕಾಯಿತು. 650 ರೂಪಾಯಿ ಕೊಟ್ಟು ಗೇಜ್ ತಗೊಂಡು, ದಿನಾ ಬೆಳಗ್ಗೆ ಕಾರು ತೆಗೆಯುವ ಮೊದಲು ಅಳೆದು ಕ್ಯಾಲೆಂಡರಿನ ಮೇಲೆ ಬರೆದೆ. ಹಾಲಿನ ಲೆಕ್ಕದ ಪಕ್ಕದಲ್ಲೇ ಟೈರಿನ ಲೆಕ್ಕ. ಹತ್ತು ದಿನಕ್ಕೆ 33ರಿಂದ 29.

ಇನ್ನು ರಿಪೇರಿ ಕಥೆ.

ಮೊದಲು ಹೋದದ್ದು ಹಾಸನದ ಒಂದು ದೊಡ್ಡ ಟೈರ್ ಅಂಗಡಿಗೆ. ಟೈರು ಬಿಚ್ಚಲೂ ಇಲ್ಲ. "ರನ್‌ಫ್ಲಾಟ್‌ಗೆ ಪಂಕ್ಚರ್ ಹಾಕೋ ಹಾಗಿಲ್ಲ ಸಾರ್, ಎರಡು ಹೊಸದು ಹಾಕಿಸಿ" ಅಂದರು. ಒಂದಕ್ಕೆ 19,000 ಹೇಳಿದರು. ಅಷ್ಟಕ್ಕೆ ಇನ್ನೊಂಚೂರು ಸೇರಿಸಿದರೆ ಆಗ ಎರಡು ಮಾಮೂಲಿ ಟೈರು ಬರುತ್ತಿತ್ತು. ಇದನ್ನು ಪೂರ್ತಿ ಸುಳ್ಳು ಅಂತ ಹೇಳಲ್ಲ. ಟೈರ್ ಕಂಪನಿಗಳಲ್ಲೇ ಈ ವಿಷಯದಲ್ಲಿ ಒಮ್ಮತ ಇಲ್ಲ. ಕೆಲವರು ಷರತ್ತು ಹಾಕಿ ರಿಪೇರಿ ಒಪ್ಪುತ್ತಾರೆ, ಕೆಲವರು ಬೇಡವೇ ಬೇಡ ಅನ್ನುತ್ತಾರೆ. ಆದರೆ ಬಿಚ್ಚಿ ನೋಡದೆ ತೀರ್ಪು ಕೊಟ್ಟರಲ್ಲ, ಅದು ನನಗೆ ಹಿಡಿಸಲಿಲ್ಲ.

ಎರಡನೆಯದು ರಸ್ತೆ ಬದಿಯ ಅಂಗಡಿ. ಅವನು ಚಕ್ರ ಬಿಚ್ಚದೆ, ಕಾರಡಿ ತಲೆ ಹಾಕಿ, ಟೈರು ನೆಲಕ್ಕೆ ತಾಗುವ ಮಧ್ಯದ ಪಟ್ಟಿಯಿಂದ ಮುಳ್ಳುತಂತಿಯ ಒಂದು ತುಂಡು ಕಿತ್ತ. ತೋಟದ ಬೇಲಿಯದು! ಮಾವನ ಉಡುಗೊರೆ. ಹೊರಗಿನಿಂದ ತೂತಿಗೆ ರಬ್ಬರ್ ಸ್ಟ್ರಿಪ್ ತುರುಕಿ, ಕತ್ತರಿಸಿ, 150 ತಗೊಂಡ. ಹತ್ತೇ ನಿಮಿಷ. ಖುಷಿಯಾಗಿ ಮನೆಗೆ ಬಂದೆ. ಹತ್ತು ದಿನ ಬಿಟ್ಟು ನೋಡಿದರೆ 33 ಇದ್ದದ್ದು 31. ಲೀಕು ಅರ್ಧ ಆಗಿದೆ, ನಿಂತಿಲ್ಲ.

ಮೂರನೆಯವರೇ ನಿಜವಾದ ಕೆಲಸಗಾರರು. ಚಿಕ್ಕಮಗಳೂರಿನಲ್ಲೇ ಒಂದು ಚಿಕ್ಕ ಶೆಡ್ಡು. ಆದರೆ ಒಳಗಿದ್ದ ಮೆಷಿನ್ನಿಗೆ ಗೋಡೆ ಒತ್ತಿ ಹಿಡಿಯುವ ಇನ್ನೊಂದು ಕೈ ಇತ್ತು. ರನ್‌ಫ್ಲಾಟ್ ಬಿಚ್ಚಲು ಅದು ಬೇಕೇ ಬೇಕು. ಇಲ್ಲದಿದ್ದರೆ ಆ ಗಟ್ಟಿ ಗೋಡೆಯ ಜೊತೆ ಗುದ್ದಾಡಿ ರಿಮ್ಮಿನ ಅಂಚು ಕೆತ್ತುತ್ತಾರೆ, ಇಲ್ಲವೇ ಟೈರಿನ ಅಂಚು ಹರಿಯುತ್ತಾರೆ.

ಅವರು ಮೊದಲು ಕೇಳಿದ್ದು ತೂತು ಎಲ್ಲಿ ಅಂತ ಅಲ್ಲ. "ಗಾಳಿ ಇಲ್ದೆ ಎಷ್ಟು ದೂರ ಓಡ್ಸಿದೀರಿ ಸಾರ್?" ಅಂತ.

"ಇಲ್ಲ ಅಣ್ಣ, 27ಕ್ಕಿಂತ ಕೆಳಗೆ ನಾನು ನೋಡಿಲ್ಲ."

"ನೀವು ನೋಡಿಲ್ಲ ಅಂದ್ರೆ ಆಯ್ತಾ? ಟೈರೇ ಹೇಳುತ್ತೆ ಬಿಡಿ" ಅಂತ ಚಕ್ರವನ್ನು ನೀರಿನ ತೊಟ್ಟಿಗೆ ಇಳಿಸಿದರು. ಸ್ಟ್ರಿಪ್ ಹತ್ತಿರ ಸಣ್ಣ ಗುಳ್ಳೆ. ಅಲ್ಲಿಗೆ ನಿಲ್ಲಿಸಲಿಲ್ಲ. ವಾಲ್ವ್ ಬಾಯಿಗೆ ಸೋಪ್ ನೀರು ಬಿಟ್ಟರು, ಏನೂ ಇಲ್ಲ. ಚಕ್ರ ತಿರುಗಿಸಿ ಒಳಬದಿ ನೋಡಿದರೆ, ರಿಮ್ಮು ಮತ್ತು ಟೈರು ಸೇರುವ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳ ಸಾಲು. ಅಂದರೆ ಲೀಕು ಒಂದಲ್ಲ, ಎರಡು. ಅಲಾಯ್ ರಿಮ್ಮಿನ ಅಂಚಿಗೆ ಬಿಳಿ ಕಿಲುಬು ಹಿಡಿದಿತ್ತು. ನಮ್ಮ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕೆಸರಲ್ಲಿ ಓಡುವ ಕಾರಿಗೆ ಅದು ಹೊಸದೇನಲ್ಲವಂತೆ. ಮುಳ್ಳುತಂತಿ ಸಿಕ್ಕಿದ ಖುಷಿಯಲ್ಲಿ ಇದನ್ನು ಯಾರೂ ಹುಡುಕಿರಲಿಲ್ಲ.

ಬಿಚ್ಚಿದ ಮೇಲೆ ಟಾರ್ಚ್ ಹಾಕಿ ಒಳಗೆ ಕೈಯಾಡಿಸಿ ನನಗೂ ತೋರಿಸಿದರು. ಕಪ್ಪು ರಬ್ಬರ್ ಪುಡಿ ಇದೆಯಾ, ಒಳಗೋಡೆಯಲ್ಲಿ ಸುಕ್ಕೋ ಸೀಳೋ ಇದೆಯಾ ಅಂತ. ಖಾಲಿ ಓಡಿದ ಟೈರಿನ ಒಳಗೋಡೆ ತಿಕ್ಕಾಡಿ, ಬಿಸಿಯಾಗಿ, ಪುಡಿ ಉದುರಿಸಿರುತ್ತೆ. ನನ್ನದು ನುಣ್ಣಗಿತ್ತು. ತೂತು ಮಧ್ಯದ ಪಟ್ಟಿಯಲ್ಲಿ, 6 ಮಿ.ಮೀ.ಗಿಂತ ಬಹಳ ಚಿಕ್ಕದು. ಭುಜದಲ್ಲೋ (ಪಟ್ಟಿ ಮತ್ತು ಗೋಡೆ ಸೇರುವ ಜಾಗ) ಪಕ್ಕದ ಗೋಡೆಯಲ್ಲೋ ಆಗಿದ್ದರೆ ಮುಟ್ಟುತ್ತಿರಲಿಲ್ಲ ಅಂದರು.

ಹಳೆ ಸ್ಟ್ರಿಪ್ ಕಿತ್ತು, ತೂತನ್ನು ಕೊರೆದು ಶುದ್ಧ ಮಾಡಿ, ಒಳಮೈ ಉಜ್ಜಿ, ಸೊಲ್ಯೂಶನ್ ಹಚ್ಚಿ ಒಣಗಲು ಬಿಟ್ಟರು. ಆಮೇಲೆ ಮಶ್ರೂಮ್ ಪ್ಯಾಚ್. ಅಣಬೆಯ ಹಾಗೇ ಇರುತ್ತೆ. ಕಾಂಡವನ್ನು ಒಳಗಿನಿಂದ ಹೊರಕ್ಕೆ ಎಳೆದರೆ ತೂತು ತುಂಬುತ್ತೆ, ಕೊಡೆ ಒಳಗೆ ಅಂಟಿ ಕೂರುತ್ತೆ. ಬರೀ ಸ್ಟ್ರಿಪ್ ಹಾಕಿದರೆ ದಾರಿ ಮುಚ್ಚುತ್ತೆ ಅಷ್ಟೆ, ಒಳಗಿನ ಪದರ ಮುಚ್ಚಲ್ಲ. ನೀರು ತೂತಿನಲ್ಲಿ ಇಳಿದು ಉಕ್ಕಿನ ಎಳೆಗಳಿಗೆ ತುಕ್ಕು ಹಿಡಿಯಬಹುದು. ರಿಮ್ಮಿನ ಅಂಚನ್ನು ಬ್ರಷ್ ಹಾಕಿ ಲೋಹ ಹೊಳೆಯುವ ತನಕ ಉಜ್ಜಿ, ಸೀಲರ್ ಬಳಿದರು. ವಾಲ್ವೂ ಹೊಸದು. ಮತ್ತೆ ಕೂರಿಸುವ ಮೊದಲು ಟೈರನ್ನು ಅರ್ಧ ಗಂಟೆ ಬಿಸಿಲಲ್ಲಿ ಇಟ್ಟರು. "ಚಳಿಗೆ ಮರದ ಹಾಗಾಗಿದೆ, ಸ್ವಲ್ಪ ಮೆತ್ತಗಾಗ್ಲಿ" ಅಂತ. ನಾನು ಅಷ್ಟರಲ್ಲಿ ಎರಡು ಕಾಫಿ ಕುಡಿದೆ. ಬ್ಯಾಲೆನ್ಸಿಂಗ್ ಸೇರಿ 900 ರೂಪಾಯಿ, ಎರಡೂವರೆ ಗಂಟೆ. ಆ ಟೈರು ಅಲ್ಲಿಂದ ಮುಂದೆ 22,000 ಕಿ.ಮೀ. ಓಡಿತು. ತಿಂಗಳಿಗೆ ಒಂದು ಪಾಯಿಂಟ್ ಇಳಿಯುತ್ತಿತ್ತು, ಉಳಿದ ಮೂರರ ಹಾಗೇ.

ಇನ್ನೊಂದು ಟೈರಿಗೆ ಈ ಅದೃಷ್ಟ ಇರಲಿಲ್ಲ. 2024ರ ಜುಲೈ, ಧರ್ಮಸ್ಥಳದಿಂದ ವಾಪಸ್ ಬರುತ್ತಿದ್ದೆವು. ಚಾರ್ಮಾಡಿ ಘಾಟಿಯಲ್ಲಿ ರಾತ್ರಿ ಎಂಟು ಗಂಟೆ, ಜಡಿಮಳೆ, ಮುಂದೆ ಹತ್ತಡಿ ಕಾಣದ ಮಂಜು, ಫೋನಿಗೆ ಸಿಗ್ನಲ್ ಇಲ್ಲ. ದೀಪ ಹತ್ತಿತು. ಬಲಗಡೆ ಹಿಂದಿನದು, ಕಲ್ಲು ಕೊಯ್ದಿತ್ತು. ಸ್ಟೀರಿಂಗ್ ಎಳೆಯಲಿಲ್ಲ, ಹಿಂದುಗಡೆ ಒಂಚೂರು ಧಡಧಡ ಅಷ್ಟೆ. ಮಾಮೂಲಿ ಟೈರಾಗಿದ್ದರೆ ಆ ತಿರುವಿನಲ್ಲಿ ಜಾಕ್ ಹಾಕಬೇಕಿತ್ತು. ಯೋಚಿಸಿದರೆ ಈಗಲೂ ಹೊಟ್ಟೆ ಕಲಸುತ್ತೆ. 40ರಲ್ಲಿ ನಿಧಾನ ಹತ್ತಿ ಕೊಟ್ಟಿಗೆಹಾರ ತಲುಪಿ, ನೀರು ದೋಸೆ ತಿಂದು, ಮನೆಯವರೆಗೂ ಬಂದೆವು. ಒಟ್ಟು 55 ಕಿ.ಮೀ. ಇದ್ದಿರಬೇಕು.

ಮರುದಿನ ಅದೇ ಶೆಡ್ಡಿಗೆ ಒಯ್ದರೆ ಹೊರಗೆ ಚೆನ್ನಾಗೇ ಇದ್ದ ಟೈರಿನ ಒಳಗಿಂದ ಒಂದು ಹಿಡಿ ಕಪ್ಪು ಪುಡಿ ಬಿತ್ತು. ಪ್ಯಾಚ್ ಹಾಕಿಕೊಡಿ, ಊರೊಳಗಷ್ಟೇ ಓಡಿಸ್ತೀನಿ ಅಂದೆ. "ಬೇಡ ಸಾರ್. ಇದು ಕೆಲಸ ಮಾಡಿ ಆಯ್ತು" ಅಂದರು. ಹಾಕಿದ್ದರೆ ಅವರಿಗೆ 900 ಸಿಗುತ್ತಿತ್ತು. ಪಕ್ಕದಲ್ಲಿದ್ದ ನಾಲ್ಕಂಕಿಯನ್ನೂ ತೋರಿಸಿದರು: 1419. 2019ರ 14ನೇ ವಾರದಲ್ಲಿ ತಯಾರಾದದ್ದು. ಹಿಂದಿನ ಎರಡನ್ನೂ ಬದಲಾಯಿಸಿದೆ.

ದೂರುಗಳೂ ಇವೆ. ಹಾಸನದ ದಾರಿಯ ಪ್ರತಿ ಹಂಪೂ ಬೆನ್ನಿಗೆ ಗೊತ್ತಾಗುತ್ತೆ. ಗುಂಡಿಗೆ ಬಿದ್ದರೆ ಪೆಟ್ಟು ನೇರ ರಿಮ್ಮಿಗೆ, ಒಂದು ರಿಮ್ ಬಗ್ಗಿಯೇ ಹೋಯಿತು. ಸದ್ದು ಜಾಸ್ತಿ. ಸಣ್ಣ ಊರಲ್ಲಿ ಈ ಅಳತೆಯ ರನ್‌ಫ್ಲಾಟ್ ಸ್ಟಾಕ್ ಇರಲ್ಲ, ನಾನು ನಾಲ್ಕು ದಿನ ಕಾದೆ. ಪಂಕ್ಚರ್ ತಡೆಯುವ ಜೆಲ್ ಹಾಕಿಸಿ ಅಂತ ಸಲಹೆ ಕೊಟ್ಟವರೂ ಇದ್ದಾರೆ. ಹಾಕಿಸಲಿಲ್ಲ. ರಿಮ್ಮಿನ ಕಿಲುಬನ್ನು ಅದು ಉಜ್ಜಲ್ಲ. ಆಮೇಲೆ ಬಿಚ್ಚುವವರು ಆ ಅಂಟು ಒರೆಸುತ್ತಾ ನನಗೇ ಬೈಯುತ್ತಾರೆ.

ಮುಂದಿನ ಎರಡು ಟೈರಿನ ಸರದಿ ಬಂದಾಗ, ಮಾಮೂಲಿ ಹಾಕಿಸಿ ಡಿಕ್ಕಿಯಲ್ಲಿ ಒಂದು ಸ್ಟೆಪ್ನಿ ಇಡೋಣ ಅಂತ ನಾನೇ ಮಾತು ತೆಗೆದೆ. ಮನೆಯವಳು ತವರಿಂದ ಎಷ್ಟೋ ಸಲ ಕತ್ತಲಾದ ಮೇಲೆ ಒಬ್ಬಳೇ ಬರುತ್ತಾಳೆ. "ಚಾರ್ಮಾಡಿ ಮರೆತ್ರಾ?" ಅಂದಳು. ಮುಂದಿನವೂ ರನ್‌ಫ್ಲಾಟೇ ಬಂದವು.

ಭಾನುವಾರ ಬೆಳಗ್ಗೆ ಗೇಜ್ ಹಾಕುವುದು ಈಗಲೂ ತಪ್ಪಿಲ್ಲ. ಈ ವಾರ 33, 33, 32, 33. ಆ 32 ಯಾವುದು ಅಂತ ಕೇಳಿದರೆ, ಮತ್ತೆ ಎಡಗಡೆ ಹಿಂದಿನದೇ. ಟೈರು ಹೊಸದು, ರಿಮ್ಮು ಹಳೆಯದೇ. ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ.