ಮಾಲ್ಡೀವ್ಸೋ, ಅಂಡಮಾನಿನ ಹ್ಯಾವ್‌ಲಾಕೋ? ಮನೆಮಂದಿ ಸಮೇತ ಹೊರಟವರಿಗೆ

ಕಾರವಾರದ ಮಕ್ಕಳಿಗೆ ಸುಮ್ನೆ ಸಮುದ್ರ ತೋರಿಸ್ತೀವಿ ಅಂದ್ರೆ ನಗುತ್ತಾರೆ. ಕುರುಮಗಡ, ನೇತ್ರಾಣಿ ದ್ವೀಪಗಳು ಇಲ್ಲೇ ಇವೆ ಅಲ್ವಾ! ಹಾಗಾಗಿ ದೂರದ ದ್ವೀಪದಲ್ಲಿ ನಾವು ದುಡ್ಡು ಕೊಡುವುದು ಆರಾಮಕ್ಕೆ.

ಆರಾಮದಲ್ಲಿ ಮಾಲ್ಡೀವ್ಸೇ ಮುಂದೆ. ಒಂದು ದ್ವೀಪಕ್ಕೆ ಸಾಮಾನ್ಯವಾಗಿ ಒಂದೇ ರೆಸಾರ್ಟ್. ನೀರಿನ ಮೇಲಿನ ವಿಲ್ಲಾದ ಮೆಟ್ಟಿಲು ಇಳಿದರೆ ಸಮುದ್ರ. ಪುಟ್ಟ ಮಕ್ಕಳಿದ್ದರೆ ಆ ಮೆಟ್ಟಿಲೇ ತಲೆನೋವು, ದಂಡೆಯ ವಿಲ್ಲಾ ಕೇಳಿ. ಬಿಲ್ ಮಾತ್ರ ಹುಷಾರು: ಕೋಣೆ ಬಾಡಿಗೆಯ ಮೇಲೆ ತೆರಿಗೆ, ಸರ್ವಿಸ್ ಚಾರ್ಜ್, ಸ್ಪೀಡ್‌ಬೋಟ್ ಅಥವಾ ಸೀಪ್ಲೇನ್ (ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ) ಖರ್ಚು ಬೇರೆಯೇ ಬರಬಹುದು. ಸೀಪ್ಲೇನ್ ಹಗಲು ಮಾತ್ರ ಹಾರುತ್ತದೆ. ಸೀಪ್ಲೇನಿನಲ್ಲೇ ಹೋಗಬೇಕಾದ ರೆಸಾರ್ಟಾದರೆ, ಸಂಜೆ ರಾಜಧಾನಿ ಮಾಲೆಗೆ ಇಳಿದವರು ರಾತ್ರಿ ಅಲ್ಲೇ ಕಳೆಯಬೇಕು.

ಅಂಡಮಾನಿನ ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ ಎಂದು ಹೆಸರು. ನಮಗೆ ಪಾಸ್‌ಪೋರ್ಟ್ ಬೇಡ. ಪೋರ್ಟ್ ಬ್ಲೇರ್‌ನಿಂದ (2024ರಿಂದ ಶ್ರೀ ವಿಜಯಪುರಂ) ಹಡಗಿನಲ್ಲಿ ಸುಮಾರು ಎರಡು ತಾಸು. ಅಲೆ ಜಾಸ್ತಿಯಿದ್ದರೆ ವಾಂತಿ ಮಾತ್ರೆ ಇಟ್ಟುಕೊಳ್ಳಿ. ರೆಸಾರ್ಟ್ ಊಟ ಬೇಸರವಾದರೆ ಹೊರಗೆ ಹೋಟೆಲುಗಳಿವೆ. ಮಾಲ್ಡೀವ್ಸ್ ರೆಸಾರ್ಟಿನಲ್ಲಿ ಆ ದಾರಿಯಿಲ್ಲ.

ಶಿರಸಿಯ ಅಜ್ಜಿಗೆ ಅನ್ನ-ಸಾರು ಬೇಕೇಬೇಕು ಅಂದ್ರೆ ನಾನಂತೂ ಹ್ಯಾವ್‌ಲಾಕ್ ಅನ್ನುತ್ತೇನೆ. ಮಕ್ಕಳು, ನೀವು ಅಷ್ಟೇ ಆದರೆ ಮಾಲ್ಡೀವ್ಸ್, ನಾಲ್ಕು ರಾತ್ರಿ ಧಾರಾಳ. ಮಳೆಗಾಲಕ್ಕೆ ಎರಡೂ ಬೇಡ.