ಆಯುಷ್ಮಾನ್ ಕಾರ್ಡ್: ಸ್ಟೆಂಟ್‌ಗೆ ಆಯಿತು, ಮಾತ್ರೆಗೆ ಆಗಲಿಲ್ಲ

ನಮ್ಮದು ಜಗಳೂರು ತಾಲ್ಲೂಕಿನ ಹಳ್ಳಿ, ಬಿಪಿಎಲ್ ಮನೆ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇವೆ.

ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆದಾಗ ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದಕ್ಕೆ ಓಡಿದೆವು. ತುರ್ತು ಕೇಸಾದ್ದರಿಂದ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗಲಿಲ್ಲ. ಕೌಂಟರಿನಲ್ಲಿ ಅಡ್ವಾನ್ಸ್ ಕೇಳಿದರು. ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರ ಹತ್ತಿರ ಕಾರ್ಡ್ ಹಿಡಿದು ನಿಂತ ಮೇಲೆ ಆ ಮಾತು ನಿಂತಿತು. ಹೃದಯದ ರಕ್ತನಾಳ ಮುಚ್ಚದಂತೆ ಹಿಡಿದಿಡುವ ಸಣ್ಣ ಜಾಲರಿ ಕೊಳವೆ, ಅಂದರೆ ಸ್ಟೆಂಟ್ ಹಾಕಿದರು, ನಾವು ಬಿಲ್ ಕಟ್ಟಲಿಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಅನ್ನುವುದು ಬರೀ ಪೋಸ್ಟರಿನ ಮಾತಲ್ಲ, ಹೊಲ ಉಳಿದದ್ದು ಅದರಿಂದಲೇ.

ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಡಿಸ್ಚಾರ್ಜ್ ಆಗಿ ಹದಿನೈದು ದಿನದವರೆಗಿನ ಔಷಧಿ ಯೋಜನೆಯಲ್ಲೇ ಬರುತ್ತದೆ. ಆಮೇಲಿನದು ನಮ್ಮ ಕೈಯಿಂದ. ರಕ್ತ ಹೆಪ್ಪುಗಟ್ಟದಂತೆ ಕ್ಲೊಪಿಡೊಗ್ರೆಲ್, ಕೊಲೆಸ್ಟ್ರಾಲಿಗೆ ಅಟೊರ್ವಾಸ್ಟಾಟಿನ್, ಜೊತೆಗೆ ಬಿಪಿ ಮಾತ್ರೆ, ತಿಂಗಳು ತಿಂಗಳು. ಕೂಲಿ ಇಲ್ಲದ ಬೇಸಿಗೆಯಲ್ಲಿ ಅಪ್ಪ ಯಾರಿಗೂ ಹೇಳದೆ ದಿನ ಬಿಟ್ಟು ದಿನ ನುಂಗತೊಡಗಿದರು. ಕೇಳಿದರೆ, "ದಿನಾ ತಗಂಡ್ರೆ ಬೇಗ ಖಾಲಿ ಆಗ್ತಾವಲ್ಲಪ್ಪ" ಅಂದರು. ಹೀಗೆ ಮಾತ್ರೆ ತಪ್ಪಿಸಿದರೆ ಸ್ಟೆಂಟೇ ಕಟ್ಟಿಕೊಳ್ಳಬಹುದು ಎಂದು ಡಾಕ್ಟರು ಬೈದು ಹೇಳಿದರು. ಲಕ್ಷಗಟ್ಟಲೆ ಖರ್ಚಾಗುವ ಕೆಲಸವನ್ನು ಸರ್ಕಾರ ಮಾಡಿಸಿ, ಅದನ್ನು ಉಳಿಸುವ ಮಾತ್ರೆಯನ್ನು ಬಡವನ ಜೇಬಿಗೆ ಬಿಟ್ಟಿದೆ. ಇದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಈಗ ಸರ್ಕಾರದ ಯೋಜನೆಯ ಜನೌಷಧಿ ಅಂಗಡಿಯಲ್ಲಿ ಅದೇ ಔಷಧಿಗಳನ್ನು ಬಹಳ ಕಡಿಮೆಗೆ ತರುತ್ತೇವೆ. ಬೆಲೆಗೆ ಕಡಿವಾಣ ಹಾಕಲು ಆಗುವುದಿಲ್ಲ ಎನ್ನುವವರು 2017ರ ಫೆಬ್ರವರಿಯನ್ನು ನೆನೆಯಬೇಕು: ಔಷಧಿ ಲೇಪಿತ ಸ್ಟೆಂಟಿಗೆ ಕೇಂದ್ರ ಸರ್ಕಾರ 29,600 ರೂಪಾಯಿ ಮಿತಿ ಹಾಕಿತು.

ಎಪಿಎಲ್ ಕಾರ್ಡಿನವರ ಪಾಡು ಬೇರೆಯೇ. ಅವರಿಗೆ ಸಿಗುವುದು ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿ ಮಾಡಿದ ದರದ, ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ನಮ್ಮೂರಿನ ಸಣ್ಣ ಕಿರಾಣಿ ಅಂಗಡಿಯವರು ಉಳಿದ ಹಣಕ್ಕೆ ಬಡ್ಡಿ ಸಾಲ ತಂದರು. ರೇಷನ್ ಕಾರ್ಡಿನ ಬಣ್ಣ ನೋಡಿ ರೋಗ ಬರುತ್ತದೆಯೇ? ಎಲ್ಲರಿಗೂ ಆರೋಗ್ಯ ಎನ್ನುವುದಾದರೆ ಬಿಪಿ, ಶುಗರ್, ಹೃದಯದ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಂಗಳು ತಪ್ಪದೆ, ಯಾವ ಕಾರ್ಡೂ ಕೇಳದೆ ಸಿಗಬೇಕು.

ಈ ಯೋಜನೆಗೆ ನನ್ನ ಅಂಕ ಐದಕ್ಕೆ ಮೂರೂವರೆ. ಕಾರ್ಡ್ ಇಲ್ಲದವರು ಆರೋಗ್ಯವಾಗಿದ್ದಾಗಲೇ ಮಾಡಿಸಿಡಿ. ಡಿಸ್ಚಾರ್ಜ್ ದಿನ ಹದಿನೈದು ದಿನದ ಔಷಧಿ ಕೇಳಿ ಪಡೆಯಿರಿ, ಚೀಟಿಯಲ್ಲಿ ಕಂಪನಿ ಹೆಸರಿನ ಜೊತೆ ಔಷಧಿಯ ಮೂಲ ಹೆಸರನ್ನೂ ಬರೆಸಿಕೊಳ್ಳಿ. ಜನೌಷಧಿಯಲ್ಲಿ ಬೇಕಾಗುವುದು ಅದೇ.